ವಿಂಡೋಸ್ 11ರ ಪರವಾಗಿ ಒಂದು ವಕಾಲತ್ತು

ಜಯನಗರ ನಾಲ್ಕನೇ ಬ್ಲಾಕಿನ ಜೆರಾಕ್ಸ್ ಅಂಗಡಿ ಇರಲಿ, ಬನಶಂಕರಿಯ ಡಿಟಿಪಿ ಸೆಂಟರ್ ಇರಲಿ, ಜೆ.ಪಿ. ನಗರದ ಆಡಿಟರ್ ಆಫೀಸ್ ಇರಲಿ, ವಿಂಡೋಸ್ 11ಕ್ಕೆ ಶಾಪ ಹಾಕುವವರಿಗೆ ಬರವಿಲ್ಲ. 'ಚೆನ್ನಾಗಿ ಓಡ್ತಿರೋ ಕಂಪ್ಯೂಟರನ್ನ ಯಾಕ್ರೀ ಎಸೀಬೇಕು?' ಅಂತ ಕೇಳುತ್ತಾರೆ. ಸಿಟ್ಟಿಗೆ ಕಾರಣವಿದೆ. ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. 2016ರಲ್ಲಿ ಕೊಂಡ ಯಂತ್ರಕ್ಕೆ ಅಧಿಕೃತವಾಗಿ ಪ್ರವೇಶವಿಲ್ಲ. ಇತ್ತ ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದುಹೋಯಿತು.

ಆದರೆ ಚೆನ್ನಾಗಿ ಓಡುತ್ತಿದೆ ಅನ್ನುವುದು ಯಾರ ಲೆಕ್ಕದಲ್ಲಿ? ಬಿಟಿಎಂ ಲೇಔಟಿಗೆ ಪಿಜಿ ಹುಡುಕಿಕೊಂಡು ಬಂದ ಹುಡುಗ, 'ಆಧಾರ್ ವಾಟ್ಸ್ಯಾಪ್ ಮಾಡಿ, ಪ್ರಿಂಟ್ ತೆಗೀತೀನಿ' ಎಂದ ಅಂಗಡಿಯವರಿಗೆ ತನ್ನ ಕಾರ್ಡು ಕಳಿಸುತ್ತಾನೆ. ಪ್ರಿಂಟ್ ಹಿಡಿದು ಹೊರಡುತ್ತಾನೆ, ಕಾರ್ಡು ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಉಳಿಯುತ್ತದೆ. ಅದರ ಪಕ್ಕದಲ್ಲಿ ಯಾರದೋ ಪ್ಯಾನ್, ಇನ್ಯಾರದೋ ಬಾಡಿಗೆ ಕರಾರು, ಮತ್ತೊಬ್ಬರ ಕ್ರಯಪತ್ರದ ಕರಡು. ಯಂತ್ರ ಅಂಗಡಿಯವರದೇ ಇರಬಹುದು, ಒಳಗಿರುವ ಸರಕು ಬಡಾವಣೆಯವರದು.

2017ರ ಮೇ ತಿಂಗಳಲ್ಲಿ ವನ್ನಾಕ್ರೈ ಜಗತ್ತಿನ ತುಂಬ ಕಡತಗಳಿಗೆ ಬೀಗ ಜಡಿದು ಹಣ ಕೇಳಿತಲ್ಲ, ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ಅದನ್ನು ಹಾಕಿಕೊಳ್ಳದ ವಿಂಡೋಸ್ 7 ಯಂತ್ರಗಳು. ಬಂದ ಅಪ್‌ಡೇಟನ್ನು ಹಾಕಿಕೊಳ್ಳದವರ ಪಾಡೇ ಹಾಗಾದರೆ, ಅಪ್‌ಡೇಟೇ ಬರದ ಯಂತ್ರದ ಗತಿ ಏನು? ಇನ್ನು ಎಲ್ಲರೂ ಹಲ್ಲು ಕಡಿಯುವ ಆ ಟಿಪಿಎಂ ಚಿಪ್. ಡಿಸ್ಕಿಗೆ ಎನ್‌ಕ್ರಿಪ್ಷನ್ ಹಾಕಿದ್ದರೆ ಅದರ ಕೀಲಿಯನ್ನು ಕಾಯುವುದು ಅದೇ. ನಾಳೆ ಯಾರಾದರೂ ಆ ಹಾರ್ಡ್ ಡಿಸ್ಕನ್ನು ಬಿಚ್ಚಿ ಎಸ್.ಪಿ. ರೋಡಿನಲ್ಲಿ ಮಾರಿದರೂ ಕೊಂಡವನಿಗೆ ನಿಮ್ಮ ಕ್ರಯಪತ್ರ ಓದಲಾಗದು.

ಹೊಸ ವಿಂಡೋಸ್‌ಗೆ ಬೈಯುವುದು ನಮಗೆ ಹೊಸದಲ್ಲ. 2007ರ ಜನವರಿಯಲ್ಲಿ ವಿಸ್ಟಾ ಬಂದಾಗಲೂ ಹೀಗೇ ಆಗಿತ್ತು. ನಿಧಾನ, ಹಳೆಯ ಪ್ರಿಂಟರಿಗೆ ಡ್ರೈವರ್ ಇಲ್ಲ, ಮಾತೆತ್ತಿದರೆ ಅನುಮತಿ ಕೇಳುತ್ತದೆ: ದೂರುಗಳೆಲ್ಲ ನಿಜವೇ. ಆದರೆ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಇದ್ದರೂ ಯುನಿಕೋಡ್ ಕನ್ನಡದ ಒತ್ತಕ್ಷರ ಸರಿಯಾಗಿ ಕೂರಬೇಕೆಂದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಬೇರೆ ಕಡತಗಳನ್ನು ಸೇರಿಸಿಕೊಳ್ಳಬೇಕಿತ್ತು, ಅದು ವಿಂಡೋಸ್ ಸಿಡಿ ಕೇಳುತ್ತಿತ್ತು. (ಅಸಲಿ ಸಿಡಿ ಎಷ್ಟು ಜನರ ಹತ್ತಿರ ಇತ್ತು ಅಂತ ಕೇಳದಿರುವುದೇ ವಾಸಿ.) ವಿಸ್ಟಾದಲ್ಲಿ ಆ ರಗಳೆ ಇಲ್ಲದೆ ಕನ್ನಡ ತಾನಾಗಿ ಮೂಡಿತು. ಇಷ್ಟು ದೊಡ್ಡ ಉಪಕಾರವನ್ನು ಯಾರೂ ನೆನೆಯಲಿಲ್ಲ. ನಮ್ಮ ಡಿಟಿಪಿಯವರಲ್ಲಿ ಅನೇಕರು ಪೇಜ್‌ಮೇಕರ್, ಯುನಿಕೋಡ್ ಅಲ್ಲದ ನುಡಿ, ಶ್ರೀಲಿಪಿ ಫಾಂಟುಗಳನ್ನೇ ಅಪ್ಪಿಕೊಂಡು ಕೂತರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅವರು ಕಷ್ಟಪಟ್ಟು ಟೈಪಿಸಿದ ಪುಟಗಳು ಇಂದಿಗೂ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ.

ಹಾಗಂತ ಮೈಕ್ರೋಸಾಫ್ಟ್ ಮಾಡಿದ್ದಕ್ಕೆಲ್ಲ ಸೈ ಅನ್ನಬೇಕಾಗಿಲ್ಲ. ಅದರ ಖಾತೆ ತೆರೆಯಲೇಬೇಕೆಂಬ ಒತ್ತಾಯ, ಸ್ಟಾರ್ಟ್ ಮೆನುವಿನಲ್ಲಿ ಇಣುಕುವ ಜಾಹೀರಾತು, ತೆರೆಯ ಮೇಲಿನದನ್ನೆಲ್ಲ ಚಿತ್ರ ತೆಗೆದಿಡುವ ರೀಕಾಲ್, ಇವಕ್ಕೆ ಎಷ್ಟು ಬೈದರೂ ಕಡಿಮೆ. 2024ರಲ್ಲಿ ಜನ ಬೈದಿದ್ದಕ್ಕೇ ರೀಕಾಲ್ ಮುಂದಕ್ಕೆ ಹೋಯಿತು. ಇ-ತ್ಯಾಜ್ಯದ ಆಕ್ಷೇಪವೂ ತಳ್ಳಿಹಾಕುವಂಥದ್ದಲ್ಲ. ಆದರೆ ಹಳೆಯ ಯಂತ್ರವನ್ನು ಗುಜರಿಗೆ ಹಾಕಲೇಬೇಕೆಂದು ಯಾರು ಹೇಳಿದರು? ಲಿನಕ್ಸ್ ಇದೆ. ಕಾಸರಗೋಡಿನ ಸರ್ಕಾರಿ ಶಾಲೆಗಳ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುತ್ತಿರುವುದೇ ಅದರಲ್ಲಿ. ಅದರಲ್ಲಿ ಟ್ಯಾಲಿ ನೇರವಾಗಿ ಓಡುವುದಿಲ್ಲ, ಒಪ್ಪಿದೆ. ಟ್ಯಾಲಿ ಬೇಕೇಬೇಕು ಅನ್ನುವ ಆಫೀಸಿಗೆ ಹೊಸ ಕಂಪ್ಯೂಟರ್ ವ್ಯವಹಾರದ ಖರ್ಚು, ಬಾಡಿಗೆ, ಕರೆಂಟ್ ಬಿಲ್ ಇದ್ದ ಹಾಗೆ. ಅದಕ್ಕೂ ಈಗ ಕೈಯಲ್ಲಾಗದಿದ್ದರೆ ದುಡ್ಡು ಕೊಟ್ಟು ಮೂರು ವರ್ಷದವರೆಗೆ ವಿಂಡೋಸ್ 10ಕ್ಕೇ ಭದ್ರತಾ ಅಪ್‌ಡೇಟ್ ಪಡೆಯುವ ದಾರಿಯನ್ನು ಕಂಪನಿಯೇ ಬಿಟ್ಟಿದೆ. ಇದ್ಯಾವುದನ್ನೂ ಮಾಡದೆ ಹತ್ತರಲ್ಲೇ ಹಾಯಾಗಿರುತ್ತೇನೆ ಅನ್ನುವ ಅಂಗಡಿಗೆ ನನ್ನ ಆಧಾರ್ ಅಂತೂ ಕಳಿಸುವುದಿಲ್ಲ, ಪ್ರಿಂಟ್ ಬೇರೆ ಕಡೆ ತೆಗೆಸಿಕೊಳ್ಳುತ್ತೇನೆ.