ಇಲಿಯ ಪಂಜರವೂ ತಾಯಿಯ ಗರ್ಭವೂ

ಗರ್ಭಿಣಿಯು ಮೊಬೈಲ್ ಫೋನನ್ನು ಬಳಸಿದರೆ ಹುಟ್ಟುವ ಮಗುವಿನ ಮೆದುಳಿಗೆ ಕೇಡಾಗುವುದೆಂಬ ಮಾತು ಮನೆಮನೆಗೂ ಹಬ್ಬಿದೆ. ಇದಕ್ಕೆ ಆಧಾರವಾಗಿ ಹಲವರು ಹೆಸರಿಸುವುದು, ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಹ್ಯೂ ಟೇಲರ್ ಮತ್ತು ಅವರ ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗವನ್ನು. ಅದನ್ನು ಹಗುರವಾಗಿ ಕಾಣುವವರು ನಾವಲ್ಲ. ಆದರೆ ಅದು ನುಡಿಯದುದನ್ನು ಅದರ ಬಾಯಿಂದ ನುಡಿಸುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಅಲ್ಲಿ ನಡೆದುದಿಷ್ಟು: ಗಬ್ಬದ ಇಲಿಗಳ ಪಂಜರದ ಮೇಲೆ, ಕರೆ ನಡೆಯುತ್ತಲೇ ಇರುವ ಫೋನನ್ನು ಇರಿಸಿದರು, ಬೇರೆ ಪಂಜರಗಳ ಮೇಲೆ ನಿಷ್ಕ್ರಿಯವಾದ ಫೋನನ್ನು. ಮೊದಲನೆಯ ಗುಂಪಿನ ಮರಿಗಳು ಬೆಳೆದಾಗ ಅತಿಯಾಗಿ ಚಡಪಡಿಸುತ್ತಿದ್ದವು. ಅವುಗಳ ನೆನಪು ಕುಂದಿತ್ತು. ಮೆದುಳಿನ ಮುಂಭಾಗದ ನರಕೋಶಗಳ ನಡುವಣ ಸಂದೇಶವಹನವೂ ಕ್ಷೀಣವಾಗಿತ್ತು.

ಭಯಪಡುವ ಮುನ್ನ ಅಳತೆಗೋಲನ್ನು ಕೈಗೆತ್ತಿಕೊಳ್ಳೋಣ. 900 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 33 ಸೆಂಟಿಮೀಟರು. ಪುಟ್ಟ ಇಲಿಯ ಮೈ ಅದರ ಮೂರರಲ್ಲೊಂದು ಪಾಲೂ ಇಲ್ಲ. ತರಂಗವು ಅದರ ಒಡಲನ್ನೆಲ್ಲ ಹೊಕ್ಕು ಹಾಯಬಲ್ಲುದು. ಮಾನವ ದೇಹದಲ್ಲಾದರೋ, ಕೆಲವೇ ಸೆಂಟಿಮೀಟರು ಒಳಸೇರುವಷ್ಟರಲ್ಲಿ ಅದರ ಶಕ್ತಿಯ ಬಹುಭಾಗ ಹೀರಿಹೋಗುತ್ತದೆ. ಮಾತನಾಡುವಾಗ ಫೋನು ತಾಯಿಯ ಕಿವಿಯ ಬಳಿ ಇರುತ್ತದೆ. ಶಿಶುವಿರುವುದು ಮೊಳದಾಚೆ, ಗರ್ಭಜಲದ ನಡುವೆ.

ಇನ್ನು, ‘ವಿಕಿರಣ’ವೆಂದೊಡನೆ ಕ್ಷ-ಕಿರಣವನ್ನು ನೆನೆಯುವವರುಂಟು. ಫೋನಿನ ತರಂಗದ ಒಂದೊಂದು ಶಕ್ತಿಕಣದಲ್ಲಿರುವುದು, ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳಲು ಬೇಕಾದುದರ ಹತ್ತು ಲಕ್ಷದಲ್ಲೊಂದು ಪಾಲೂ ಅಲ್ಲ. ಭೌತವಿಜ್ಞಾನಿಗಳಲ್ಲಿ ಕೆಲವರು ಇಲ್ಲಿಗೇ ವಾದ ಮುಗಿಯಿತೆನ್ನುತ್ತಾರೆ. ಇದು ಆತುರದ ತೀರ್ಪು. ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳದೆಯೂ ತರಂಗವು ಅಂಗಾಂಶವನ್ನು ಬಿಸಿಮಾಡಬಲ್ಲುದು. ಶಾಖವಲ್ಲದೆ ಬೇರೆ ಪರಿಣಾಮವುಂಟೆ ಎಂಬುದನ್ನು ಪ್ರಯೋಗವೇ ಹೇಳಬೇಕು.

ಮನುಷ್ಯರ ವಿಷಯದಲ್ಲಿ ಪ್ರಯೋಗ ಸಲ್ಲದು, ಸಮೀಕ್ಷೆಯೊಂದೇ ದಾರಿ. ಡೆನ್ಮಾರ್ಕಿನಲ್ಲಿ ಏಳು ವರ್ಷದ 13,000ಕ್ಕೂ ಹೆಚ್ಚು ಮಕ್ಕಳನ್ನು ಕುರಿತು 2008ರಲ್ಲಿ ಪ್ರಕಟವಾದ ವರದಿಯು, ಫೋನು ಬಳಸಿದ ತಾಯಂದಿರ ಮಕ್ಕಳಲ್ಲಿ ನಡತೆಯ ತೊಡಕುಗಳು ಹೆಚ್ಚೆಂದಿತು. ಆದರೆ ಬಸಿರಿನ ಕಾಲದ ಬಳಕೆಯನ್ನು ತಾಯಂದಿರು ಏಳು ವರ್ಷಗಳ ತರುವಾಯ ನೆನಪಿನಿಂದ ಹೇಳಿದ್ದರು. ಮೇಲಾಗಿ, ಸದಾ ಫೋನಿನಲ್ಲಿರುವ ತಾಯಿಗೆ ಮಗುವಿನೊಡನೆ ಕಳೆಯಲು ಸಮಯವೆಷ್ಟು ಉಳಿದೀತು? ತರಂಗದ ಪಾಲನ್ನು ಇದರಿಂದ ಬೇರ್ಪಡಿಸುವುದು ಸುಲಭವಲ್ಲ.

ಇಷ್ಟು ಅನಿಶ್ಚಿತವಾದ ಸಾಕ್ಷ್ಯವನ್ನು ಹಿಡಿದು ಬಸುರಿಯ ಕೈಯಿಂದ ಫೋನನ್ನು ಕಸಿದುಕೊಳ್ಳುವ ಹಿರಿಯರನ್ನು ನಾವು ಒಪ್ಪಲಾರೆವು. ನಡುರಾತ್ರಿ ನೋವು ಕಾಣಿಸಿಕೊಂಡರೆ 108ಕ್ಕೆ ಕರೆಮಾಡಲು ಆಕೆಗೆ ಅದೇ ಬೇಕು. ಫೋನನ್ನು ಹೊಟ್ಟೆಯ ಮೇಲೆ ಇಟ್ಟುಕೊಳ್ಳದಿರಲಿ, ಮಲಗುವಾಗ ದೂರವಿಡಲಿ. ಇದಕ್ಕೆ ಕಾಸಿನ ಖರ್ಚೂ ಇಲ್ಲ. ಸಂಕೇತ ಕ್ಷೀಣವಾದೆಡೆ ಫೋನು ತನ್ನ ಪ್ರಸಾರಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ದೀರ್ಘ ಸಂಭಾಷಣೆಯನ್ನು ಅಂಥಲ್ಲಿ ಬಿಟ್ಟು, ಸಂಕೇತ ಚೆನ್ನಾಗಿರುವ ಜಗಲಿಗೆ ಬಂದು ನಡೆಸಲಿ.