ಗೋಲು ಹೊಡೆದವನೂ ಚೆಂಡು ಕೊಟ್ಟವನೂ

ಕಳೆದ ದೀಪಾವಳಿಯ ಮರುದಿನ ಕುಂದಾಪುರದ ನಮ್ಮ ಮನೆಯ ಜಗಲಿಯಲ್ಲಿ ದೊಡ್ಡದೊಂದು ಜಗಳವಾಯಿತು. ಗಾಬರಿಯಾಗಬೇಡಿ, ಆಸ್ತಿಯ ಜಗಳವಲ್ಲ. ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನಲ್ಲಿ ಇದುವರೆಗೆ ಆಡಿದ ವಿಂಗರುಗಳಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು ಎಂಬ ಜಗಳ.

ಜಗಳದಲ್ಲಿ ಮೂರು ಪಕ್ಷಗಳಿದ್ದವು. ಮೊದಲನೆಯದು ನನ್ನ ಅಕ್ಕನ ಮಗನದು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವನು ಹಲವು ವರ್ಷ ಕಂಠೀರವ ಕ್ರೀಡಾಂಗಣದ ಪಶ್ಚಿಮ ಬದಿಯಲ್ಲಿ ನೀಲಿ ಅಂಗಿ ತೊಟ್ಟು ಕೂಗಿದವನು. ಎರಡನೆಯದು, ಹಬ್ಬಕ್ಕೆ ಬೈಂದೂರಿಗೆ ಬಂದವನು ನನ್ನನ್ನು ಕಂಡು ಹೋಗಲೆಂದು ಇಲ್ಲಿಯವರೆಗೆ ಬಂದ ಹಳೆಯ ವಿದ್ಯಾರ್ಥಿಯದು. ಮೂರನೆಯದು ಎಂಟನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗನದು. ದನಿ ಎಲ್ಲರಿಗಿಂತ ಜೋರಾಗಿದ್ದದ್ದು ಈ ಮೂರನೆಯ ಪಕ್ಷದ್ದೇ.

ಫುಟ್‌ಬಾಲಿಗೂ ಈ ಮುದುಕನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಆ ಜಗಳ ನನಗೆ ಚಿರಪರಿಚಿತವಾಗಿತ್ತು. ನಾವು ಹುಡುಗರಾಗಿದ್ದಾಗ ಬಯಲಾಟ ನೋಡಿ ಬೆಳಗಿನ ಜಾವ ಗದ್ದೆಯಂಚಿನಲ್ಲಿ ನಡೆದು ಬರುತ್ತ ಮಾಡಿದ್ದು ಇದೇ ಜಗಳ. ನಾರ್ಣಪ್ಪ ಉಪ್ಪೂರರು ದೊಡ್ಡ ಭಾಗವತರೋ, ಗುಂಡ್ಮಿ ಕಾಳಿಂಗ ನಾವಡರೋ? ಒಂದು ಗುಂಪಿಗೆ ಉಪ್ಪೂರರ ಸಂಪ್ರದಾಯದ ಗಟ್ಟಿತನವೇ ಸರ್ವಸ್ವ. ಇನ್ನೊಂದು ಗುಂಪಿಗೆ ನಾವಡರ ಕಂಠವೆಂದರೆ ಜೀವ. 1990ರಲ್ಲಿ ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೆರಡರ ಆಸುಪಾಸು. ಮೂವತ್ತೈದು ವರ್ಷಗಳಾದರೂ ಆ ಚರ್ಚೆ ನಿಂತಿಲ್ಲ. ಕೋಟ, ಸಾಲಿಗ್ರಾಮದ ಕಡೆಯ ಯಾವ ಮದುವೆಯ ಮನೆಯಲ್ಲಾದರೂ ನಾಲ್ಕು ಮಂದಿ ಹಿರಿಯರ ನಡುವೆ ಈ ಎರಡು ಹೆಸರು ಎತ್ತಿ ನೋಡಿ, ಪಾಯಸ ಆರುವುದು ಖಂಡಿತ. ಹೀಗಾಗಿ ಮಕ್ಕಳ ಜಗಳವನ್ನು ನಾನು ನಿಲ್ಲಿಸಲು ಹೋಗಲಿಲ್ಲ, ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತೆ.

ಅಕ್ಕನ ಮಗನ ಅಭ್ಯರ್ಥಿ ಸುನಿಲ್ ಛೇತ್ರಿ. "ಮಾವ, ಇದರಲ್ಲಿ ಚರ್ಚೆಗೇ ಎಡೆಯಿಲ್ಲ" ಎಂದು ಅವನು ಆರಂಭಿಸಿದ. ಕ್ಲಬ್ಬು ಹುಟ್ಟಿದ 2013ರಲ್ಲೇ ಛೇತ್ರಿ ಬಂದರು, ಮೊದಲ ನಾಯಕರಾದರು. ಮಿಕು ಎಂಬ ವಿದೇಶಿ ಆಟಗಾರ ಮುಂಚೂಣಿಯ ನಡುವೆ ನಿಂತ ಕಾಲದಲ್ಲಿ ಛೇತ್ರಿ ಎಡ ಅಂಚಿನಿಂದ ಆಡಿದರು, ಅಲ್ಲಿಂದಲೇ ಗೋಲಿನ ಮೇಲೆ ಗೋಲು ಹೊಡೆದರು. 2016ರ ಅಕ್ಟೋಬರಿನಲ್ಲಿ ಎ.ಎಫ್.ಸಿ. ಕಪ್ಪಿನ ಸೆಮಿಫೈನಲಿನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿದಾಗ ಎರಡು ಗೋಲು ಅವರದೇ. ಆ ಗೆಲುವಿನಿಂದ ಬೆಂಗಳೂರು ಆ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬಾಯಿತು. ಅಂಥವರನ್ನು ಬಿಟ್ಟು ಇನ್ನಾರನ್ನು ಹೇಳುವುದು?

ಬೈಂದೂರಿನ ಶಿಷ್ಯನದು ಬೇರೆ ದಾರಿ. ಅವನು ಕೆಲಸದ ಮೇಲೆ ಕೆಲವು ಕಾಲ ಕಣ್ಣೂರಿನಲ್ಲಿದ್ದವನು, ಆ ಊರಿನವರಾದ ಸಿ.ಕೆ. ವಿನೀತ್ ಎಂದರೆ ಅವನಿಗೆ ಅಭಿಮಾನ. "ಸರ್, 2017ರ ಮೇ ತಿಂಗಳಲ್ಲಿ ಕಟಕ್‌ನಲ್ಲಿ ಫೆಡರೇಶನ್ ಕಪ್ಪಿನ ಫೈನಲ್. ಎದುರಿಗೆ ಮೋಹನ್ ಬಾಗಾನ್. ತೊಂಬತ್ತು ನಿಮಿಷದಲ್ಲಿ ಗೋಲೇ ಇಲ್ಲ. ಹೆಚ್ಚುವರಿ ವೇಳೆಯಲ್ಲಿ ಎರಡು ಗೋಲು, ಎರಡೂ ವಿನೀತ್‌ದು. ಕಷ್ಟಕಾಲದಲ್ಲಿ ಆದವನು ದೊಡ್ಡವನಲ್ಲವೆ?"

ಮೊಮ್ಮಗನು ಉದಾಂತ ಸಿಂಗ್ ಪಕ್ಷ. ಮಣಿಪುರದ ಹುಡುಗ, ಜಮ್‌ಷೆಡ್‌ಪುರದ ಟಾಟಾ ಅಕಾಡೆಮಿಯಲ್ಲಿ ಕಲಿತು, ಹದಿನೆಂಟರ ಹರೆಯದಲ್ಲಿ 2014ರಲ್ಲಿ ಬೆಂಗಳೂರಿಗೆ ಬಂದವರು. 2023ರಲ್ಲಿ ಗೋವಾ ತಂಡಕ್ಕೆ ಹೋಗುವವರೆಗೆ ಒಂಬತ್ತು ವರ್ಷ ಬಲ ಅಂಚಿನಲ್ಲಿ ಓಡಿದರು. "ಅಜ್ಜಯ್ಯ, ಅವರು ಓಡುವುದನ್ನು ನೀವೇ ನೋಡಿದ್ದೀರಲ್ಲ!" ಎಂದು ಅವನು ನನ್ನನ್ನು ಸಾಕ್ಷಿಗೆ ಕರೆದ. ತಕ್ಷಣ ಅಕ್ಕನ ಮಗ, "ಓಡುವುದು ಸರಿ ಮಾರಾಯ, ಗೋಲು ಎಷ್ಟು?" ಎಂದು ಕೇಳಿದ. ಹುಡುಗ ಪೆಚ್ಚಾದ. ಅವನ ಬಳಿ ಉತ್ತರವಿರಲಿಲ್ಲ.

ಈ "ಗೋಲು ಎಷ್ಟು?" ಎಂಬ ಪ್ರಶ್ನೆಯ ಕುರಿತೇ ನನ್ನ ಇಂದಿನ ತಕರಾರು.

ಬಿ.ಎಡ್. ಓದುವಾಗ ನಮಗೆ ಮೌಲ್ಯಮಾಪನವೆಂಬ ಪಾಠವಿತ್ತು. ಅದರಲ್ಲಿ ಸಿಂಧುತ್ವ ಎಂಬ ಮಾತು ಬರುತ್ತದೆ. ಪರೀಕ್ಷೆ ಯಾವುದನ್ನು ಅಳೆಯಲು ಹೊರಟಿದೆಯೋ ಅದನ್ನೇ ಅಳೆಯಬೇಕು ಎನ್ನುವುದು ಅದರ ಸಾರ. ಸಮಾಜ ವಿಜ್ಞಾನದ ಉತ್ತರಪತ್ರಿಕೆಯಲ್ಲಿ ಅಕ್ಷರ ದುಂಡಗಿದೆಯೆಂದು ಅಂಕ ಕೊಟ್ಟರೆ ನಾವು ಅಳೆದದ್ದು ಸಮಾಜ ವಿಜ್ಞಾನವನ್ನಲ್ಲ, ಕೈಬರಹವನ್ನು. ವಿಂಗರನನ್ನು ಗೋಲುಗಳಿಂದ ಅಳೆಯುವುದೂ ಹಾಗೆಯೇ, ತಕ್ಕಡಿಯಲ್ಲಿ ಬಟ್ಟೆಯ ಉದ್ದ ನೋಡಿದಂತೆ.

ವಿಂಗರನ ಕೆಲಸವಾದರೂ ಏನು? ಮೈದಾನದ ಗೆರೆಯನ್ನು ಹಿಡಿದು ಓಡಬೇಕು. ಎದುರಾಳಿಯ ರಕ್ಷಕರನ್ನು ನಡುವಿನಿಂದ ಅಂಚಿಗೆ ಎಳೆಯಬೇಕು. ಅವರು ಹಾಗೆ ಚದುರಿದಾಗ ನಡುವೆ ಉಂಟಾಗುವ ಖಾಲಿ ಜಾಗಕ್ಕೆ, ಅಲ್ಲಿಗೆ ನುಗ್ಗುವ ಗೆಳೆಯನ ಕಾಲಿಗೆ, ಸರಿಯಾದ ಕ್ಷಣದಲ್ಲಿ ಚೆಂಡನ್ನು ಒಪ್ಪಿಸಬೇಕು. ಹತ್ತು ಸಲ ಓಡಿದರೆ ಒಂಬತ್ತು ಸಲ ಫಲವಿಲ್ಲ. ಹತ್ತನೆಯ ಸಲ ಫಲ ಬಂದರೂ ಅದು ಲೆಕ್ಕಕ್ಕೆ ಸೇರುವುದು ಇನ್ನೊಬ್ಬನ ಹೆಸರಿನಲ್ಲಿ.

ಮೊಮ್ಮಗ ನನ್ನನ್ನು ಸಾಕ್ಷಿಗೆ ಕರೆದದ್ದು 2019ರ ಮಾರ್ಚ್ 11ರ ಸಂಜೆಗಾಗಿ. ಆಗ ನಾನು ಮಗನ ಮನೆಯಲ್ಲಿದ್ದೆ, ಅಕ್ಕನ ಮಗ ಒತ್ತಾಯ ಮಾಡಿ ಕಂಠೀರವಕ್ಕೆ ಕರೆದುಕೊಂಡು ಹೋಗಿದ್ದ. ಇಂಡಿಯನ್ ಸೂಪರ್ ಲೀಗಿನ ಸೆಮಿಫೈನಲಿನ ಎರಡನೆಯ ಪಂದ್ಯ. ಗುವಾಹಟಿಯಲ್ಲಿ ನಡೆದ ಮೊದಲನೆಯದರಲ್ಲಿ ನಾರ್ತ್ ಈಸ್ಟ್ ಯುನೈಟೆಡ್ ವಿರುದ್ಧ ಬೆಂಗಳೂರು 1-2ರಿಂದ ಸೋತಿತ್ತು. ಎಪ್ಪತ್ತು ನಿಮಿಷ ಕಳೆದರೂ ಗೋಲಿಲ್ಲ. ಸುತ್ತಲಿನ ಹುಡುಗರು ಉಗುರು ಕಚ್ಚುತ್ತಿದ್ದರು. ಆಟ ಸರಿಯಾಗಿ ತಿಳಿಯದ ನನಗೆ ಮಾತ್ರ ಒಂದೇ ಕಾಣುತ್ತಿತ್ತು. ಬಲ ಅಂಚಿನಲ್ಲಿ ತೆಳ್ಳಗಿನ ಹುಡುಗನೊಬ್ಬ ಮತ್ತೆ ಮತ್ತೆ ಓಡುತ್ತಿದ್ದ. ಚೆಂಡು ಕಳೆದುಕೊಂಡರೂ ತಲೆ ತಗ್ಗಿಸದೆ ಹಿಂದಕ್ಕೆ ಓಡಿ ಬರುತ್ತಿದ್ದ, ಮತ್ತೆ ಮುಂದಕ್ಕೆ ಓಡುತ್ತಿದ್ದ. ಸಂಜೆಯೆಲ್ಲ ಗಾಣದ ಕೋಣದ ಹಾಗೆ ದುಡಿದ. ಆಮೇಲೆ ಮಿಕು, ದಿಮಾಸ್ ದೆಲ್ಗಾಡೊ, ಕೊನೆಗೆ ಛೇತ್ರಿ ಹೀಗೆ ಮೂರು ಗೋಲುಗಳು ಬಂದವು, 3-0. ಮರುದಿನ ಪತ್ರಿಕೆಯಲ್ಲಿ ನಾನು ಹುಡುಕಿದ್ದು ಆ ಅಂಚಿನ ಹುಡುಗನ ಹೆಸರನ್ನು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಗೋಲು ಹೊಡೆದವರ ಹೆಸರುಗಳು. ಆರು ದಿನಗಳ ಮೇಲೆ ಮುಂಬಯಿಯಲ್ಲಿ ಗೋವಾ ತಂಡವನ್ನು ಸೋಲಿಸಿ ಬೆಂಗಳೂರು ಕಪ್ ಗೆದ್ದಿತು. ಅಂದು 117ನೆಯ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದ ರಾಹುಲ್ ಭೇಕೆಯನ್ನು ಎಲ್ಲರೂ ನೆನೆಯುತ್ತಾರೆ. ಮೂಲೆಯಿಂದ ಆ ಚೆಂಡನ್ನು ಕಳಿಸಿಕೊಟ್ಟ ದೆಲ್ಗಾಡೊ ಹೆಸರು ಹೇಳುವವರು ಎಷ್ಟು ಮಂದಿ?

ಇಂಗ್ಲೆಂಡಿನಲ್ಲಿ ಒಮ್ಮೆ ಇದಕ್ಕೆ ತದ್ವಿರುದ್ಧವಾಗಿ ನಡೆದಿದೆ. 1953ರ ಎಫ್.ಎ. ಕಪ್ಪಿನ ಫೈನಲಿನಲ್ಲಿ ಬ್ಲ್ಯಾಕ್‌ಪೂಲ್ ತಂಡ ಬೋಲ್ಟನ್ ಎದುರು 1-3ರಿಂದ ಹಿಂದಿತ್ತು. ಅಲ್ಲಿಂದ ಎದ್ದು 4-3ರಿಂದ ಗೆದ್ದಿತು. ಸ್ಟ್ಯಾನ್ ಮಾರ್ಟೆನ್ಸನ್ ಎಂಬಾತ ಮೂರು ಗೋಲು ಹೊಡೆದ, ಕೊನೆಯ ಗೋಲು ಬಿಲ್ ಪೆರಿ ಎಂಬಾತನದು. ಆದರೆ ಜನ ಇಂದಿಗೂ ಆ ಪಂದ್ಯವನ್ನು ಕರೆಯುವುದು 'ಮ್ಯಾಥ್ಯೂಸ್ ಫೈನಲ್' ಎಂದು. ಸ್ಟ್ಯಾನ್ಲಿ ಮ್ಯಾಥ್ಯೂಸ್ ಬಲ ಅಂಚಿನ ಆಟಗಾರ, ಆಗ ಅವರಿಗೆ ಮೂವತ್ತೆಂಟು ವರ್ಷ. ಅಂದು ಅವರು ಒಂದೂ ಗೋಲು ಹೊಡೆಯಲಿಲ್ಲ. ಅಂಚಿನಲ್ಲಿ ಎದುರಾಳಿಗಳನ್ನು ದಾಟಿ ದಾಟಿ ಚೆಂಡನ್ನು ಒಳಕ್ಕೆ ಕೊಟ್ಟರು, ಪೆರಿಯ ಗೋಲಿಗೂ ಚೆಂಡು ಬಂದದ್ದು ಅವರ ಕಾಲಿನಿಂದಲೇ. ಮೂರು ಗೋಲಿನ ಮಾರ್ಟೆನ್ಸನ್‌ಗೆ ಇದು ಅನ್ಯಾಯವೆಂದು ಹೇಳುವವರಿದ್ದಾರೆ, ಇರಲಿ. ಆದರೆ ಅಂಚಿನವನ ಕೆಲಸವನ್ನು ಕಂಡ ಕಣ್ಣುಗಳು ಅಂದು ಆ ಮೈದಾನದಲ್ಲಿದ್ದವು.

ಅಂಥ ಕಣ್ಣು ನಮಗೆ ಹೊಸತೇನಲ್ಲ. ಯಕ್ಷಗಾನದ ಒಳ್ಳೆಯ ಪ್ರೇಕ್ಷಕ ವೇಷ ಕುಣಿಯುವಾಗ ಒಂದು ಕಿವಿಯನ್ನು ಹಿಮ್ಮೇಳದ ಕಡೆ ಇಟ್ಟಿರುತ್ತಾನೆ. ಶಿಳ್ಳೆ ಬೀಳುವುದು ವೇಷಕ್ಕೆ. ಆದರೆ ಮದ್ದಳೆಗಾರ ಅರ್ಧ ಕ್ಷಣ ತಪ್ಪಿದರೆ ಆ ಕುಣಿತ ಮುಗ್ಗರಿಸುತ್ತದೆ. ಏರು ಮದ್ದಳೆಯಿಂದ ಹೆಸರಾದ ಹಿರಿಯಡಕ ಗೋಪಾಲರಾಯರು ಇದೇ ಕಾರಣಕ್ಕೆ ದೊಡ್ಡವರು. ನೂರರ ಅಂಚು ಮುಟ್ಟಿ 2020ರಲ್ಲಿ ಅವರು ತೀರಿಕೊಂಡಾಗ ನಮ್ಮ ಜಿಲ್ಲೆಯ ಹಿರಿಯರು ಮನೆಯವರನ್ನೇ ಕಳೆದುಕೊಂಡಂತೆ ಮರುಗಿದರು. ಅವರು ಬಣ್ಣ ಹಚ್ಚಿ ಗೆದ್ದ ಯುದ್ಧ ಯಾವುದು ಎಂದು ಯಾರೂ ಕೇಳಲಿಲ್ಲ.

ಇಷ್ಟೆಲ್ಲ ಉಪದೇಶ ಮಾಡುವ ಮಾಸ್ಟ್ರು ಸ್ವತಃ ಏನು ಮಾಡಿದ್ದರು? ಅದನ್ನೂ ಹೇಳಬೇಕು. ಹೇಳದಿದ್ದರೆ ಈ ಲೇಖನ ಅಪ್ರಾಮಾಣಿಕವಾದೀತು.

ತೊಂಬತ್ತರ ದಶಕದ ಒಂದು ಆಗಸ್ಟ್ 15. ಧ್ವಜಾರೋಹಣ ಮುಗಿದು, ಮಕ್ಕಳಿಗೆ ಲಾಡು ಹಂಚಿ, ಒಂಬತ್ತನೆಯವರಿಗೂ ಹತ್ತನೆಯವರಿಗೂ ಫುಟ್‌ಬಾಲ್ ಪಂದ್ಯ ಇಟ್ಟಿದ್ದೆವು. ನಮ್ಮ ಕಡೆಯ ಶಾಲೆಗಳಲ್ಲಿ ವಾಲಿಬಾಲ್, ಕಬಡ್ಡಿಯೇ ಹೆಚ್ಚು, ಮೈದಾನದಲ್ಲಿ ನೀರು ನಿಂತ ಮಳೆಗಾಲದಲ್ಲಿ ಮಾತ್ರ ಫುಟ್‌ಬಾಲಿನ ಹುಚ್ಚು. ಅಂದು ಒಂಬತ್ತನೆಯವರು 2-0ರಿಂದ ಗೆದ್ದರು. ಎರಡೂ ಗೋಲು ಒಬ್ಬನೇ ಹುಡುಗನದು. ಎರಡಕ್ಕೂ ಚೆಂಡು ಕೊಟ್ಟವನು ಮೈದಾನದ ಅಂಚಿನಲ್ಲಿ ಕೆಸರು ಎರಚುತ್ತ ಓಡುತ್ತಿದ್ದ ಇನ್ನೊಬ್ಬ. ಅಭ್ಯಾಸದಲ್ಲಿ ಹಿಂದುಳಿದವನು, ಕೊನೆಯ ಬೆಂಚಿನವನು. ಗೋಲು ಹೊಡೆದವನನ್ನು ವೇದಿಕೆಗೆ ಕರೆದು ಒಂದು ಕಂಪಾಸು ಪೆಟ್ಟಿಗೆ ಬಹುಮಾನ ಕೊಟ್ಟು, "ಗುರಿ ಇದ್ದವನಿಗೆ ಗೆಲುವು" ಎಂದು ಭಾಷಣ ಬಿಗಿದವನು ನಾನೇ. ಕೊನೆಯ ಬೆಂಚಿನವನನ್ನು ಕರೆಯಬೇಕೆಂದು ನನಗೆ ಹೊಳೆಯಲೂ ಇಲ್ಲ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಅವನು.

ಹತ್ತನೆಯ ತರಗತಿ ಮುಗಿಸಿ ಅವನು ನಮ್ಮ ಕಡೆಯ ಎಷ್ಟೋ ಹುಡುಗರಂತೆ ಬೆಂಗಳೂರಿನ ಹೋಟೆಲು ಕೆಲಸಕ್ಕೆ ಹೋದ. 2019ರಲ್ಲಿ, ಕಂಠೀರವದ ಆ ಪಂದ್ಯ ಕಳೆದು ಕೆಲವೇ ದಿನಗಳಲ್ಲಿ, ನಾನು ಕಾಫಿಗೆ ಹೊಕ್ಕ ಹೋಟೆಲಿನ ಗಲ್ಲೆಯಲ್ಲಿ ಕುಳಿತಿದ್ದವನು ಎದ್ದು ಬಂದು ಕಾಲಿಗೆರಗಿದ. ಅವನೇ. ಆ ಹೋಟೆಲು ಈಗ ಅವನದು. ಊರಿನ ಮಾತಾಡುತ್ತ ನಾನು ಆ ಪಂದ್ಯವನ್ನು ನೆನಪಿಸಿದೆ. ಅವನ ಮುಖ ಅರಳಿತು. "ಎರಡನೇ ಗೋಲು ಅವನು ಎಡಗಾಲಲ್ಲಿ ಹೊಡೆದದ್ದು ಸರ್. ಬಲಗಾಲಿಗೆ ಕೊಟ್ಟಿದ್ದರೆ ತಪ್ಪುತ್ತಿತ್ತು, ಅಲ್ಲಿ ಕೆಸರು ಜಾಸ್ತಿ ಇತ್ತು. ಅದಕ್ಕೇ ನಾನು ಸ್ವಲ್ಪ ಎಡಕ್ಕೆ ಕೊಟ್ಟೆ" ಎಂದ. ಬಹುಮಾನದ ಮಾತನ್ನು ಅವನು ಎತ್ತಲೇ ಇಲ್ಲ. ಕಾಫಿಯ ಹಣ ತೆಗೆದುಕೊಳ್ಳಲೂ ಇಲ್ಲ.

ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದರೂ ಗೆಳೆಯನ ಯಾವ ಕಾಲ ಬಳಿ ಕೆಸರಿತ್ತೆಂಬುದು ಅವನಿಗೆ ನೆನಪಿತ್ತು. ಮೂವತ್ತು ಮಾರು ದೂರದಲ್ಲಿ ಓಡುತ್ತ ಓಡುತ್ತ ಅದನ್ನು ಲೆಕ್ಕ ಹಾಕಿದ ಹುಡುಗನಿಗೆ ನಾನು ಗಣಿತದಲ್ಲಿ ಹಿಂದೆಂದು ಷರಾ ಬರೆದಿದ್ದೆ.

ಆದ್ದರಿಂದ ಜಗಲಿಯ ಪಂಚಾಯ್ತಿಕೆಯಲ್ಲಿ ನನ್ನ ತೀರ್ಪು ಮೊಮ್ಮಗನ ಕಡೆಗಾಯಿತು. ಆ ಕ್ಲಬ್ಬಿನ ಅತಿ ದೊಡ್ಡ ಆಟಗಾರ ಛೇತ್ರಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೇಳಿದ ಪ್ರಶ್ನೆ ಅದಲ್ಲ. ಛೇತ್ರಿ ಅಂಚಿನಿಂದ ಹೊರಟು ಒಳಕ್ಕೆ ಬಂದು ಗೋಲು ಹೊಡೆಯುವವರು, ಎಲ್ಲಿ ನಿಲ್ಲಿಸಿದರೂ ಅವರು ಗೋಲಿನವರೇ. ವಿನೀತ್ ಆ ಒಂದು ರಾತ್ರಿ ಕ್ಲಬ್ಬನ್ನು ಕಾಯ್ದವರು, ಅದಕ್ಕೆ ಪೂರ್ಣ ಅಂಕ. ಅಂಚಿನ ಕೆಲಸವನ್ನೇ ತನ್ನ ಕೆಲಸವೆಂದು ಒಂಬತ್ತು ವರ್ಷ ಮಾಡಿದವರು ಉದಾಂತ.

ಅಕ್ಕನ ಮಗ ಒಪ್ಪಲಿಲ್ಲ. "ಎಷ್ಟೋ ಸಲ ಗೋಲಿನ ಮುಂದೆ ಬಂದು ಹಾಳು ಮಾಡಿದ್ದಾನೆ ಮಾವ, ಕೊನೆಕೊನೆಗೆ ಆ ಓಟವೂ ಇರಲಿಲ್ಲ" ಎಂದ. ಅವನು ಹೇಳುವುದರಲ್ಲಿ ಸತ್ಯವಿದೆ, ವರ್ಷಗಟ್ಟಲೆ ಕುಳಿತು ನೋಡಿದವನು ಅವನು. ಹಾಗಾದರೆ ವಿಂಗರನ ಕೆಲಸದಲ್ಲೇ ಅಂಕ ಕಳೆಯಲಿ, ಕೊಟ್ಟ ಚೆಂಡು ಕೆಟ್ಟದ್ದಿದ್ದರೆ ಹೇಳಲಿ, ನಾನು ಕೇಳುತ್ತೇನೆ. "ಗೋಲು ಎಷ್ಟು?" ಎಂಬ ಒಂದೇ ಪ್ರಶ್ನೆಯಿಂದ ಹುಡುಗನ ಬಾಯಿ ಮುಚ್ಚಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಆ ಒಂದೇ ಪ್ರಶ್ನೆಯಿಂದ ನಾನು ಮೂವತ್ತು ವರ್ಷ ಮಕ್ಕಳನ್ನು ಅಳೆದೆ. ಎಷ್ಟು ಅಂಕ? ಎಷ್ಟನೆಯ ಸ್ಥಾನ? ಪಕ್ಕದವನಿಗೆ ರಾತ್ರಿ ಕುಳಿತು ಲೆಕ್ಕ ಹೇಳಿಕೊಟ್ಟವರ, ತಮ್ಮನನ್ನು ಓದಿಸಲೆಂದು ಶಾಲೆ ಬಿಟ್ಟ ಅಕ್ಕಂದಿರ ಹೆಸರು ನನ್ನ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಆ ಹೋಟೆಲಿನವನು ಈ ಬರಹಗಳನ್ನು ಓದುತ್ತಾನೆಂದು ಅವನ ಸಹಪಾಠಿಯೊಬ್ಬ ಹೇಳಿದ್ದಾನೆ. ಹೆಸರು ಬರೆದರೆ ಅವನಿಗೆ ಮುಜುಗರವಾದೀತು, ಬರೆಯುವುದಿಲ್ಲ. ಆದರೆ ಆ ಕೆಸರಿನ ಪಂದ್ಯಕ್ಕೆ ನಾನು ಈಗ ನಿನ್ನ ಹೆಸರಿಟ್ಟಿದ್ದೇನೆ ಮಗಾ. ಮುಂದಿನ ಸಲ ಊರಿಗೆ ಬಂದಾಗ ಮನೆಗೆ ಬಾ. ಒಂದು ಕಂಪಾಸು ಪೆಟ್ಟಿಗೆ ತಂದಿಟ್ಟಿದ್ದೇನೆ. ನಿನ್ನ ಮಗಳಿಗೆ ಉಪಯೋಗಕ್ಕೆ ಬಂದೀತು.