ಅಮೆರಿಕದ ಉಡುಗೊರೆಯೂ ಶ್ರಾವಕನ ಅಣುವ್ರತವೂ

ಉಡುಗೊರೆಯೆಂಬುದು ಪ್ರೀತಿಯ ವ್ಯವಹಾರ, ಅದರಲ್ಲಿ ಧರ್ಮಸೂಕ್ಷ್ಮವನ್ನು ಹುಡುಕುವುದು ಒಣಪಾಂಡಿತ್ಯ ಎಂಬ ಮಾತು ನಮ್ಮ ವಿದ್ಯಾವಂತ ತರುಣರಿಂದ ಮೇಲಿಂದ ಮೇಲೆ ಕೇಳಿಬರುತ್ತಿದೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಮಕ್ಕಳು ಊರಿನ ಬಂಧುಮಿತ್ರರಿಗೆ ಏನನ್ನಾದರೂ ಕಳುಹಿಸಬೇಕೆಂದಾಗ ಅವರ ಮುಂದಿರುವ ಪ್ರಶ್ನೆ ಒಂದೇ: ಇಲ್ಲಿ ಮಾತ್ರ ದೊರೆಯುವ, ನೋಡಿದೊಡನೆ ಅಮೆರಿಕದ್ದೆಂದು ತಿಳಿಯುವ ವಸ್ತು ಯಾವುದು? ಪ್ರಶ್ನೆ ತಪ್ಪಲ್ಲ. ಅದೊಂದನ್ನೇ ಕೇಳಿ ನಿಲ್ಲಿಸುವುದು ತಪ್ಪು. ಈ ತಪ್ಪನ್ನು ಸ್ವತಃ ಮಾಡಿದವನಾದ್ದರಿಂದಲೇ ಈ ಲೇಖನವನ್ನು ಬರೆಯುವ ಅಧಿಕಾರ ನನಗಿದೆಯೆಂದು ಭಾವಿಸಿದ್ದೇನೆ.

2018ರಲ್ಲಿ ನಾನು ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ನಾಲ್ಕು ತಿಂಗಳು ಇದ್ದೆ. ಹುಬ್ಬಳ್ಳಿಯಲ್ಲಿರುವ, ಬಿ.ಕಾಂ. ತರಗತಿಯಿಂದಲೂ ನನ್ನ ಜೊತೆಗಾರನಾದ ಮಿತ್ರನಿಗೆ ಊರಿಗೆ ಹೊರಟಿದ್ದವರೊಬ್ಬರ ಕೈಯಲ್ಲಿ ಒಂದು ಪೆಟ್ಟಿಗೆ ಮಿಠಾಯಿ ಕಳುಹಿಸಿದೆ. ಹತ್ತಿಯ ಉಂಡೆಯಂತೆ ಬೆಳ್ಳಗೆ, ಮೃದುವಾಗಿದ್ದ ಆ ಮಾರ್ಷ್‌ಮ್ಯಾಲೊ ನಮ್ಮ ಕಡೆ ಅಪರೂಪವೆಂಬುದಷ್ಟೇ ನನ್ನ ವಿಚಾರಣೆಯಾಗಿತ್ತು. ಮಿತ್ರನ ತಾಯಿಗೆ ಆಗ 86 ವರ್ಷ. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದ, ಕಂದಮೂಲವನ್ನು ಬಿಟ್ಟು ಅರ್ಧ ಶತಮಾನ ಕಳೆದ ಆ ತಾಯಿ, ಮಗನ ಗೆಳೆಯ ಅಷ್ಟು ದೂರದಿಂದ ಕಳುಹಿಸಿದ್ದೆಂಬ ಪ್ರೀತಿಯಿಂದ ಒಂದನ್ನು ಬಾಯಿಗೆ ಹಾಕಿಕೊಂಡರು. ಸಂಜೆ ಶಾಲೆಯಿಂದ ಬಂದ ಮೊಮ್ಮಗಳು ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿದಳು. ಅದರಲ್ಲಿ ಜೆಲಟಿನ್ ಇತ್ತು. ಜೆಲಟಿನ್ ಎಂದರೆ ಹಂದಿ, ದನ ಮೊದಲಾದವುಗಳ ಚರ್ಮವನ್ನೂ ಎಲುಬನ್ನೂ ಸಂಸ್ಕರಿಸಿ, ಬೇಯಿಸಿ ತೆಗೆದ ಅಂಟು.

ಮಿತ್ರ ದೂರವಾಣಿಯಲ್ಲಿ, "ನೀ ತಿಳಿದು ಕಳಿಸಿಲ್ಲ ಬಿಡಪ್ಪ" ಎಂದು ಮಾತು ಮುಗಿಸಲು ನೋಡಿದ. ತಾಯಿ ಮಾತ್ರ ಮರುದಿನ ಉಪವಾಸವಿದ್ದರು. ಆ ವಯಸ್ಸಿನಲ್ಲಿ ಬೇಡವೆಂದು ಮನೆಯವರು ಅಂಗಲಾಚಿದಾಗ ಅವರು ಹೇಳಿದ್ದು ಇಷ್ಟೇ: "ತಿಳೀದ ಆಗಿದ್ದಕ್ಕ ಪಾಪ ಕಡಿಮಿ ಇರಬಹುದು. ತಿಳಿದ ಮ್ಯಾಲ ಸುಮ್ಮನಿದ್ರ ಕಡಿಮಿ ಆಗೂದಿಲ್ಲ." ಆ ತಾಯಿ ಈಗಿಲ್ಲ. ತಪ್ಪು ಮಾಡಿದವನು ನಾನು, ಉಪವಾಸ ಮಾಡಿದವರು ಅವರು. ಪ್ರೀತಿಯಲ್ಲಿ ಧರ್ಮವನ್ನು ಹುಡುಕಬೇಡಿ ಎನ್ನುವವರಿಗೆ ನನ್ನ ಮೊದಲ ಉತ್ತರ ಇದೇ: ನಾವು ಹುಡುಕದೆ ಬಿಟ್ಟ ಧರ್ಮದ ಭಾರವನ್ನು ನಾವು ಪ್ರೀತಿಸುವವರೇ ಹೊರಬೇಕಾಗುತ್ತದೆ.

ಉಡುಗೊರೆ ದಾನವಲ್ಲ, ಲೋಕವ್ಯವಹಾರ ಎಂದು ಕೆಲವರು ವಾದಿಸುತ್ತಾರೆ. ಮಿತ್ರನಿಗೆ ಕೊಟ್ಟದ್ದು ಮುನಿಗಳಿಗೆ ಕೊಟ್ಟ ಆಹಾರದಾನಕ್ಕೆ ಸಮವಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ದಾನದ ಹಿರಿಮೆಯು ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವವನು, ಪಡೆಯುವವನು ಎಂಬ ನಾಲ್ಕನ್ನು ಅವಲಂಬಿಸಿದೆಯೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ತೋರಿಸಿದ್ದಾರೆ. ಈ ಅಳತೆಗೋಲು ಉಡುಗೊರೆಗೂ ಸಲ್ಲುತ್ತದೆ. ಅಲ್ಲದೆ ಅಹಿಂಸೆ, ಸತ್ಯ, ಅಚೌರ್ಯಗಳೆಂಬ ಅಣುವ್ರತಗಳು ಇರುವುದೇ ಲೋಕವ್ಯವಹಾರಕ್ಕಾಗಿ. ಬಸದಿಯ ಬಾಗಿಲಲ್ಲಿ ಪಾದರಕ್ಷೆಯ ಜೊತೆಗೆ ಬಿಟ್ಟುಬರುವ ವಸ್ತುಗಳು ಅವಲ್ಲ.

ಮೊದಲು ದ್ರವ್ಯವನ್ನು ನೋಡೋಣ. ಅಮೆರಿಕದ ವಿಶೇಷವೆಂದು ಅಂಗಡಿಯವರು ಮುಂದಿಡುವ ವಸ್ತುಗಳಲ್ಲಿ ಎಷ್ಟೋ ನಮಗೆ ಸಲ್ಲುವಂಥವಲ್ಲ. ಅಲ್ಲಿಯ ರಾಷ್ಟ್ರೀಯ ಆಟವೆನಿಸಿದ ಬೇಸ್‌ಬಾಲಿನ ಚೆಂಡಿಗೆ 1974ರವರೆಗೆ ಕುದುರೆಯ ಚರ್ಮ, ಅನಂತರ ದನದ ಚರ್ಮ. ಕೌಬಾಯ್ ಬೂಟು ಮತ್ತು ನಡುಪಟ್ಟಿಗಳ ವಿಷಯ ಹೇಳಬೇಕಾಗಿಯೇ ಇಲ್ಲ. ಮಿಠಾಯಿಗಳಲ್ಲಿ ಜೆಲಟಿನ್ ಇಲ್ಲದಿದ್ದರೂ ಹೊಳಪಿಗಾಗಿ ಅರಗಿನ ಹುಳುವಿನಿಂದ ಬರುವ ಲೇಪವಿರಬಹುದು. ಕೆಂಪು ಬಣ್ಣಕ್ಕಾಗಿ ಕೊಚಿನೀಲ್ ಎಂಬ ಕೀಟವನ್ನು ಒಣಗಿಸಿ ತೆಗೆದ ಕಾರ್ಮೈನ್ ಇರಬಹುದು. ಈ ಬಣ್ಣವನ್ನು ಅದರ ಹೆಸರಿನಿಂದಲೇ ನಮೂದಿಸಬೇಕೆಂಬ ನಿಯಮ ಅಮೆರಿಕದಲ್ಲಿ ಜಾರಿಗೆ ಬಂದದ್ದೇ 2011ರಲ್ಲಿ. ನಮ್ಮಲ್ಲಿರುವಂತೆ ಹಸಿರು ಚುಕ್ಕೆಯನ್ನು ಮುದ್ರಿಸಬೇಕೆಂಬ ಕಾನೂನು ಅಲ್ಲಿ ಇಲ್ಲ. ಯೆಹೂದ್ಯರ ಆಹಾರವಿಧಿಗೆ ಅನುಗುಣವೆಂಬ ಮುದ್ರೆಯನ್ನು ಕಂಡು ನಮ್ಮವರು ಸಮಾಧಾನಪಡುವುದುಂಟು. ಆ ವಿಧಿಯಲ್ಲಿ ಮೀನಾಗಲಿ ನಿಯಮದಂತೆ ಕೊಂದ ದನವಾಗಲಿ ನಿಷಿದ್ಧವಲ್ಲವೆಂಬುದನ್ನು ಅವರು ಅರಿಯರು. ಇನ್ನು ಕಾಡಿನ ಜೇನೆಂದು ಸುಂದರ ಸೀಸೆಗಳಲ್ಲಿ ಮಾರುವ ಮಧುವು ನಮಗೆ ವರ್ಜ್ಯ. ಸಾಲದೆಂಬಂತೆ ಆ ಜೇನುನೊಣವೂ ಅಮೆರಿಕದ್ದಲ್ಲ, 17ನೆಯ ಶತಮಾನದಲ್ಲಿ ಯುರೋಪಿನ ವಲಸೆಗಾರರು ಹಡಗಿನಲ್ಲಿ ತಂದದ್ದು.

ಉಡುಗೊರೆಯಲ್ಲಿ ದೇಶದ ಹೆಗ್ಗಳಿಕೆಯನ್ನು ತೋರಿಸಹೊರಟರೆ ಏನಾಗುತ್ತದೆ ಎಂಬುದಕ್ಕೆ ಅಲ್ಲಿಯ ಚರಿತ್ರೆಯಲ್ಲಿಯೇ ನಿದರ್ಶನವಿದೆ. ಹೊಸ ಖಂಡದ ಪ್ರಾಣಿಗಳು ಹಳೆಯ ಖಂಡದವುಗಳಿಗಿಂತ ಕುಬ್ಜವೆಂದು ಫ್ರಾನ್ಸಿನ ಪಂಡಿತ ಬ್ಯುಫಾನ್ ಬರೆದಿದ್ದ. ಪ್ಯಾರಿಸಿನಲ್ಲಿ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್ ಅದನ್ನು ಸುಳ್ಳೆಂದು ತೋರಿಸಲು, ಮೂಸ್ ಎಂಬ ಭಾರೀ ಗಾತ್ರದ ಜಿಂಕೆಯೊಂದನ್ನು ಕೊಲ್ಲಿಸಿ, ಅದರ ಎಲುಬನ್ನೂ ತೊಗಲನ್ನೂ 1787ರಲ್ಲಿ ಸಮುದ್ರದಾಚೆಯಿಂದ ತರಿಸಿ ಅವನಿಗೆ ಒಪ್ಪಿಸಿದ. ತಲುಪುವ ವೇಳೆಗೆ ತೊಗಲಿನ ಕೂದಲು ಬಹುಮಟ್ಟಿಗೆ ಉದುರಿತ್ತು. ಮನುಷ್ಯರಿಬ್ಬರ ವಾದದಲ್ಲಿ ಗೆಲ್ಲುವುದಕ್ಕಾಗಿ ಪಂಚೇಂದ್ರಿಯ ಜೀವಿಯೊಂದರ ಪ್ರಾಣ ಹೋಯಿತು. ಸ್ವಾತಂತ್ರ್ಯದ ಘೋಷಣೆಯನ್ನು ಬರೆದ ಕೈಗೂ ಇದರಲ್ಲಿ ಅಳುಕು ತೋರಲಿಲ್ಲವೆಂದಾಗ ಸಾಮಾನ್ಯರಾದ ನಾವು ಎಷ್ಟು ಎಚ್ಚರವಾಗಿರಬೇಕು?

ಎರಡನೆಯದು ಸತ್ಯದ ಪ್ರಶ್ನೆ. ನಕಲಿಯನ್ನು ಅಸಲಿಯೆಂದು ಸಾಗಿಸುವುದನ್ನು ಆಚಾರ್ಯರು ಪ್ರತಿರೂಪಕ ವ್ಯವಹಾರವೆಂದು ಕರೆದು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ನಲವತ್ತು ವರ್ಷ ಜವಳಿ ಮಾರಿದವನಾಗಿ ಈ ಅತಿಚಾರದ ರುಚಿ ಪೇಟೆಗೆ ಎಷ್ಟು ಹತ್ತಿದೆಯೆಂಬುದನ್ನು ನಾನು ಬಲ್ಲೆ. ನ್ಯೂಯಾರ್ಕಿನ ಬೀದಿಯಲ್ಲಿ ಕೊಂಡ ಸ್ವಾತಂತ್ರ್ಯದೇವಿಯ ಪುಟ್ಟ ಪ್ರತಿಮೆಯ ತಳವನ್ನು ತಿರುವಿ ನೋಡಿದರೆ ಚೀನಾದಲ್ಲಿ ತಯಾರಾದದ್ದೆಂಬ ಬರಹ ಕಾಣುವುದು ಸಾಮಾನ್ಯ. ಚೀನಾದ ಕಾರ್ಮಿಕನ ದುಡಿಮೆಯಲ್ಲಿ ದೋಷವಿಲ್ಲ. ಅದನ್ನು ಅಮೆರಿಕದ ಕುಶಲಕಲೆಯೆಂದು ಹೇಳಿ ಕೊಡುವ ನಮ್ಮ ಮಾತಿನಲ್ಲಿ ದೋಷವಿದೆ. ಅಮೆರಿಕದಲ್ಲಿ ತಯಾರಾದದ್ದೆಂದು ನಿರ್ವಿಶೇಷವಾಗಿ ಮುದ್ರಿಸಬೇಕಾದರೆ ವಸ್ತುವು ಪೂರ್ಣವಾಗಿ ಅಥವಾ ಬಹುತೇಕ ಪೂರ್ಣವಾಗಿ ಅಲ್ಲಿಯೇ ತಯಾರಾಗಿರಬೇಕೆಂಬ ತತ್ತ್ವವನ್ನು ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ 2021ರಲ್ಲಿ ವಿಧ್ಯುಕ್ತ ನಿಯಮವನ್ನಾಗಿ ಮಾಡಿತು. ಮೂಲನಿವಾಸಿಗಳು ಮಾಡದ ಆಭರಣ, ಕಂಬಳಿ, ಬುಟ್ಟಿಗಳನ್ನು ಅವರದೆಂದು ಮಾರುವುದನ್ನು 1990ರ ಕಾಯಿದೆಯೊಂದು ಅಪರಾಧವೆಂದು ಸಾರಿತು. ಅಂಥ ಕಾಯಿದೆ ಬೇಕಾಯಿತೆಂಬುದೇ ನಕಲಿಯ ಹಾವಳಿಗೆ ಸಾಕ್ಷಿ. ನೆಲವನ್ನು ಕಳೆದುಕೊಂಡವರ ಕೈಕಸಬಿನ ಹೆಸರನ್ನೂ ಕಸಿಯುವ ವ್ಯಾಪಾರಕ್ಕೆ ಶ್ರಾವಕನ ಹಣ ಸಲ್ಲಬಾರದು. ತಯಾರಿಸಿದವರು ಯಾರು, ಯಾವ ಬುಡಕಟ್ಟಿನವರು ಎಂದು ಅಂಗಡಿಯವನನ್ನು ಕೇಳಿ. ಉತ್ತರ ತಡವರಿಸಿದರೆ ಮುಂದಕ್ಕೆ ಹೋಗಿ.

ಮೂರನೆಯದು ವಿಧಿ. ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವುದು ವಿರುದ್ಧರಾಜ್ಯಾತಿಕ್ರಮ. ಇದೂ ಅಚೌರ್ಯದ ಅತಿಚಾರವೇ. ಅಂಚೆಯ ಪೊಟ್ಟಣದ ಮೇಲೆ ನೂರು ಡಾಲರಿನ ವಸ್ತುವಿಗೆ ಹತ್ತು ಡಾಲರೆಂದು ಬರೆಯುವುದನ್ನು ನಮ್ಮವರು ಜಾಣತನವೆಂದು ಎಣಿಸುತ್ತಾರೆ. ಭಾರತ ಸರ್ಕಾರವು 2019ರ ಡಿಸೆಂಬರಿನಲ್ಲಿ, ಜೀವರಕ್ಷಕ ಔಷಧ ಮತ್ತು ರಾಖಿಗಳನ್ನು ಹೊರತುಪಡಿಸಿ, ಅಂಚೆ ಮತ್ತು ಕೊರಿಯರ್ ಮೂಲಕ ಉಡುಗೊರೆಯ ಹೆಸರಿನಲ್ಲಿ ಸುಂಕವಿಲ್ಲದೆ ವಸ್ತುಗಳನ್ನು ತರಿಸುವ ದಾರಿಯನ್ನು ಮುಚ್ಚಿತು. ಪೂರ್ಣ ಸುಂಕ ತೆತ್ತು ತರಿಸಲು ಅಡ್ಡಿಯಿರಲಿಲ್ಲ. ಉಡುಗೊರೆಯೆಂಬ ಪವಿತ್ರವಾದ ಪದವನ್ನು ವ್ಯಾಪಾರದ ಸರಕಿಗೆ ಮುಸುಕಾಗಿ ಬಳಸಿದವರಿಂದ ನಿಜವಾಗಿ ಉಡುಗೊರೆ ಕಳುಹಿಸುವವರಿಗೂ ಕಷ್ಟವಾಯಿತು. ಸುಳ್ಳು ಬೆಲೆ ಬರೆದ ಪೊಟ್ಟಣವನ್ನು ಬಿಚ್ಚುವ ಮಿತ್ರನಿಗೆ ನಾವು ಕೊಡುವುದು ವಸ್ತುವನ್ನು ಮಾತ್ರವಲ್ಲ, ನಮ್ಮ ಸುಳ್ಳಿನಲ್ಲಿ ಒಂದು ಪಾಲನ್ನೂ.

ಇಷ್ಟೆಲ್ಲ ಹೇಳಿ ದೋಷವನ್ನು ಕಡಲಾಚೆಯ ಮಕ್ಕಳ ಮೇಲೆ ಹೊರಿಸಿದರೆ ನ್ಯಾಯವಾಗದು. ಊರಿಗೆ ಬಂದವರನ್ನು ಕುಶಲ ಕೇಳುವ ಮೊದಲೇ "ಏನು ತಂದಿ?" ಎಂದು ಕೇಳುವವರು ನಾವು. ಅಮೆರಿಕದ ಮುದ್ರೆಯ ಕೈಚೀಲವನ್ನು ಮದುವೆಯ ಮನೆಯಲ್ಲಿ ತಿರುಗಿಸಿ ತಿರುಗಿಸಿ ತೋರಿಸುವವರು ನಾವು. ಪರಿಗ್ರಹಪರಿಮಾಣದ ಮೇಲೆ ಉಪನ್ಯಾಸ ಕೇಳಿ ತಲೆದೂಗಿ, ಮನೆಗೆ ಬಂದು ಮಗನಿಗೆ ಪಟ್ಟಿ ಕಳುಹಿಸುವವರೂ ನಾವೇ. ಪಾತ್ರನ ಆಸೆಯು ದಾತೃವಿನ ವಿವೇಕವನ್ನು ಕೆಡಿಸುತ್ತದೆ.

ಹಾಗಾದರೆ ಏನನ್ನೂ ಕಳುಹಿಸಬಾರದೆ? ಅಮೆರಿಕದ್ದೆಲ್ಲ ಅಶುದ್ಧವೆನ್ನುವ ಹಿರಿಯರೂ ನಮ್ಮಲ್ಲಿದ್ದಾರೆ. ಅವರ ಮಾತನ್ನೂ ನಾನು ಒಪ್ಪುವುದಿಲ್ಲ. 1893ರಲ್ಲಿ ಷಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ಜೈನಧರ್ಮವನ್ನು ಪ್ರತಿನಿಧಿಸಿದ ವೀರಚಂದ್ ರಾಘವಜಿ ಗಾಂಧಿಯವರನ್ನು ನೆನೆಯೋಣ. 1896–97ರಲ್ಲಿ ಭಾರತದಲ್ಲಿ ಕ್ಷಾಮ ತಲೆದೋರಿದಾಗ ಅವರು ಅಲ್ಲಿಯ ಸಜ್ಜನರ ಮನವೊಲಿಸಿ, ಸ್ಯಾನ್ ಫ್ರಾನ್ಸಿಸ್ಕೋದಿಂದ ಹಡಗು ತುಂಬ ಮೆಕ್ಕೆಜೋಳವನ್ನು ಇಲ್ಲಿಗೆ ಕಳುಹಿಸುವಂತೆ ಮಾಡಿದರು. ಮೆಕ್ಕೆಜೋಳಕ್ಕಿಂತ ಅಚ್ಚ ಅಮೆರಿಕದ ವಸ್ತು ಯಾವುದಿದೆ? ಕೊಲಂಬಸನಿಗೆ ಮೊದಲು ಆ ಧಾನ್ಯವನ್ನು ಉಳಿದ ಜಗತ್ತು ಅರಿಯದು. ಅದು ಹಸಿದವನ ಹೊಟ್ಟೆಗೆ ಹೋಯಿತು, ಯಾರ ಕಪಾಟಿನಲ್ಲಿಯೂ ಕೂರಲಿಲ್ಲ.

ಜೆಫರ್ಸನ್ನನಿಗಿಂತ ಮುಂಚಿನ ಇನ್ನೊಂದು ನಿದರ್ಶನವೂ ಇದೆ. ಫಿಲಡೆಲ್ಫಿಯಾದ ರೈತ ಜಾನ್ ಬಾರ್ಟ್ರಮ್ 1730ರ ದಶಕದಿಂದ ಲಂಡನ್ನಿನ ಪೀಟರ್ ಕಾಲಿನ್ಸನ್ ಎಂಬ ಬಟ್ಟೆವ್ಯಾಪಾರಿಗೆ ಅಮೆರಿಕದ ಕಾಡಿನ ಮರಗಿಡಗಳ ಬೀಜಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಕಳುಹಿಸುತ್ತಿದ್ದ. ಅದರಲ್ಲಿ ವ್ಯಾಪಾರವೂ ಇತ್ತು, ಬೀಜದ ಪೆಟ್ಟಿಗೆಗಳನ್ನು ಇತರರೂ ಹಣ ಕೊಟ್ಟು ತರಿಸುತ್ತಿದ್ದರು. ಆದರೂ ಮುಖವನ್ನೇ ಕಾಣದ ಆ ಇಬ್ಬರು ಮೂವತ್ತಕ್ಕೂ ಹೆಚ್ಚು ವರ್ಷ ಪತ್ರ ಬರೆದುಕೊಂಡರು, ಇಂಗ್ಲೆಂಡಿನ ತೋಟಗಳಲ್ಲಿ ಅಮೆರಿಕದ ಮರಗಳು ಬೆಳೆದವು. ಅದೇ ಖಂಡದಿಂದ ಒಬ್ಬನು ತೊಗಲನ್ನು ತರಿಸಿದ, ಇನ್ನೊಬ್ಬನು ಬೀಜವನ್ನು ಕಳುಹಿಸಿದ. ಯಾವುದು ನಮ್ಮ ಮಾರ್ಗವೆಂದು ಹೇಳಬೇಕೆ? ಇಂದು ಬೀಜವನ್ನು ಅಂಚೆಯಲ್ಲಿ ಕಳುಹಿಸಲು ಸಸ್ಯರೋಗ ತಡೆಯ ನಿಯಮಗಳ ಅಡ್ಡಿಯಿದೆ, ಅದನ್ನು ಮೀರಬಾರದು. ಆದರೆ ಭಾವವನ್ನು ಅನುಸರಿಸಲು ಅಡ್ಡಿಯಿಲ್ಲ.

2024ರಲ್ಲಿ ಮತ್ತೆ ಮಗಳ ಮನೆಗೆ ಹೋದಾಗ ಅದೇ ಮಿತ್ರನಿಗಾಗಿ ನಾನು ಮೂರು ವಸ್ತುಗಳನ್ನು ಆರಿಸಿದೆ. ಒಂದು, ವರ್ಮಾಂಟ್ ರಾಜ್ಯದ ಮೇಪಲ್ ಸಕ್ಕರೆ. ಮೇಪಲ್ ಮರಕ್ಕೆ ಸಣ್ಣ ರಂಧ್ರ ಕೊರೆದು ಇಳಿಸಿದ ಸುಮಾರು 40 ಗ್ಯಾಲನ್ ರಸವನ್ನು ಕುದಿಸಿದರೆ ಒಂದು ಗ್ಯಾಲನ್ ಪಾಕ ದೊರೆಯುತ್ತದೆ, ಇನ್ನೂ ಕಾಯಿಸಿದರೆ ಸಕ್ಕರೆ. ಮೂಲನಿವಾಸಿಗಳಿಂದ ವಲಸೆಗಾರರು ಕಲಿತ ವಿದ್ಯೆ ಇದು. ಆದರೆ ಕುದಿಯುವಾಗ ನೊರೆ ಉಕ್ಕದಿರಲು ಹಿಂದೆ ಹಂದಿಯ ಕೊಬ್ಬಿನ ತುಣುಕನ್ನು ಹಾಕುವ ವಾಡಿಕೆಯಿತ್ತು. ಆದ್ದರಿಂದ ಮಗಳು ರೈತನಿಗೇ ಪತ್ರ ಬರೆದು ವಿಚಾರಿಸಿದಳು. ತಾನು ಸಸ್ಯತೈಲವನ್ನು ಬಳಸುವುದಾಗಿ ಆತ ಮೂರು ದಿನಗಳಲ್ಲಿ ಉತ್ತರಿಸಿದ. ಎರಡು, ಹುರಿದ ಪೀಕಾನ್ ಬೀಜ. ಅಕ್ರೋಟಿನ ಜಾತಿಯ ಈ ಮರ ಆ ನೆಲದ್ದೇ. ಅದಕ್ಕೆ ಕಸಿಕಟ್ಟಿ ಒಳ್ಳೆಯ ತಳಿಯನ್ನು ನೆಲೆಗೊಳಿಸಿದವನು ಲೂಸಿಯಾನಾದ ತೋಟವೊಂದರಲ್ಲಿ ಗುಲಾಮನಾಗಿದ್ದ ಆಂಟ್ವಾನ್. ಅದು 1846–47ರ ಚಳಿಗಾಲದ ಮಾತು. ಮೂರು, ಹೆನ್ರಿ ಡೇವಿಡ್ ಥೋರೋ 1854ರಲ್ಲಿ ಪ್ರಕಟಿಸಿದ 'ವಾಲ್ಡನ್' ಗ್ರಂಥ. ಪರಿಗ್ರಹವನ್ನು ತಗ್ಗಿಸಿ ಬದುಕುವುದರ ಬಗ್ಗೆ ಅಮೆರಿಕದವನೊಬ್ಬ ಬರೆದದ್ದನ್ನು ಶ್ರಾವಕರು ಓದಲೇಬೇಕು. ಎಲ್ಲವನ್ನೂ ನಾನೇ ಹೊತ್ತು ತಂದೆ. ಜೊತೆಗೆ ಪ್ರತಿ ವಸ್ತುವಿನಲ್ಲಿ ಏನಿದೆ, ಯಾರು ಮಾಡಿದರು ಎಂದು ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನಿಟ್ಟಿದ್ದೆ. ಮಿತ್ರ ಮೊದಲು ಓದಿದ್ದು ಆ ಹಾಳೆಯನ್ನು. ಓದಿ ಮುಗಿಸಿ, ಒಂದು ತುಣುಕು ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡು, "ಅವ್ವ ಇದ್ದಿದ್ರ ತಿಂತಿದ್ಲು" ಎಂದ.

ಧರ್ಮಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಕಡಲಾಚೆಯಿರುವ ಮಕ್ಕಳಿಗೆ ಉಡುಗೊರೆಗಳ ಪಟ್ಟಿಯನ್ನು ಕಳುಹಿಸುವುದನ್ನು ನಿಲ್ಲಿಸಿ. ಅದರ ಬದಲು ಮೂರು ಪ್ರಶ್ನೆಗಳನ್ನು ಕಳುಹಿಸಿ: ಇದರಲ್ಲಿ ಯಾವ ಜೀವಿಯ ನೋವಿದೆ? ಇದನ್ನು ನಿಜವಾಗಿ ಮಾಡಿದವರು ಯಾರು? ಇದಕ್ಕೆ ಬರೆದ ಬೆಲೆ ಸತ್ಯವೆ? ಈ ಮೂರಕ್ಕೆ ಉತ್ತರ ದೊರೆತ ಮೇಲೆ ಬಂದ ಹಿಡಿಯಷ್ಟು ಸಕ್ಕರೆ, ಉತ್ತರವಿಲ್ಲದೆ ಬಂದ ಪೆಟ್ಟಿಗೆಗಿಂತ ಮಿಗಿಲು.